ಕೆರೆಯ ಮೇಲೆ ಹಸಿರು ಕೆನೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

“ಸರ್, ನಮ್ಮ ಕೆರೆಗೆ ರಾತ್ರಿ ಯಾರೋ ಪೇಂಟ್ ಸುರಿದು ಹೋಗಿದ್ದಾರೆ.”

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯಿಂದ ಬಂದ ಫೋನ್ ಇದು. ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಅಲ್ಲಿ ಮೂರು ಎಕರೆ ದ್ರಾಕ್ಷಿ ಬೆಳೆಯುತ್ತಾನೆ. ನಾನು ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ. ನೀರು ಪರೀಕ್ಷೆಯ ಪೆಟ್ಟಿಗೆಯೊಂದನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ ಎಂಬ ಸುದ್ದಿ ಸುತ್ತಮುತ್ತ ಹಬ್ಬಿರುವುದರಿಂದ ಇಂಥ ಕರೆಗಳು ಬರುತ್ತಿರುತ್ತವೆ. ಹೋಗಿ ನೋಡಿದೆ. ಏರಿಯ ಮೂಡಣ ಮೂಲೆಯಲ್ಲಿ, ಗಾಳಿ ನೂಕಿ ತಂದು ಒತ್ತಿದ್ದ ಕಡೆ, ಹೆಬ್ಬೆರಳು ದಪ್ಪದ ಹಸಿರು ಕೆನೆ. ದಂಡೆಯ ಕಲ್ಲಿನ ಮೇಲೆ ಒಣಗಿದ್ದ ಭಾಗ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀಲಿ ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಸುಣ್ಣದಂತೆ ಬೆಳ್ಳಗಾಗಿತ್ತು. ಪೇಂಟ್ ಎಂದದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ. 1878ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ನೀರು ಕುಡಿದು ದನಕುರಿಗಳು ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು ಮೊದಲ ಬಾರಿಗೆ ವೈಜ್ಞಾನಿಕ ಪತ್ರಿಕೆಯಲ್ಲಿ ವರದಿ ಮಾಡಿದಾಗ ಅವರೂ ಆ ಕೆನೆಯನ್ನು ಹಸಿರು ಎಣ್ಣೆಬಣ್ಣಕ್ಕೇ ಹೋಲಿಸಿದ್ದರು.

“ರಾತ್ರಿ ಸುರಿದರು” ಎಂಬುದಕ್ಕೂ ಕಾರಣವಿದೆ. ಈ ಕೆನೆ ನೀಲಿಹಸಿರು ಪಾಚಿಯದು, ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ವಾರಗಟ್ಟಲೆ ನೀರಿನ ತುಂಬ ಹರಡಿಕೊಂಡೇ ಇತ್ತು. ಈ ಜೀವಿಗಳ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಚೀಲಗಳಿವೆ. ಹಗಲು ತಯಾರಿಸಿಕೊಂಡ ಸಕ್ಕರೆಯ ಭಾರ ರಾತ್ರಿ ಕರಗುತ್ತಿದ್ದಂತೆ ಅವು ಹಗುರಾಗಿ ಮೇಲೆ ಬರುತ್ತವೆ. ಗಾಳಿಯಿಲ್ಲದ ರಾತ್ರಿ ಸಿಕ್ಕರೆ ಇಡೀ ಕೆರೆಯ ಸರಕು ಬೆಳಗಾಗುವಷ್ಟರಲ್ಲಿ ಮೇಲ್ಪದರಕ್ಕೆ ಬಂದು ನಿಲ್ಲುತ್ತದೆ. ಮಧ್ಯಾಹ್ನ ಗಾಳಿ ಎದ್ದರೆ ಮತ್ತೆ ಕಲಸಿಹೋಗುತ್ತದೆ. ಪರೀಕ್ಷೆಗೆ ಬಂದವರು ಮೂರು ಗಂಟೆಗೆ ಬಂದು “ಏನೂ ಇಲ್ಲವಲ್ಲ” ಎಂದು ಹೋಗುವುದು ಇದಕ್ಕೇ. ಕೆರೆ ನೋಡುವುದಾದರೆ ಬೆಳಿಗ್ಗೆ ಎಂಟರೊಳಗೆ ನೋಡಿ.

ಗ್ರಾಮ ಪಂಚಾಯಿತಿಯವರು, ನೀರುಗಂಟಿಗಳು, ಮೀನು ಗುತ್ತಿಗೆ ಹಿಡಿದವರು, ಕೃಷಿ ಹೊಂಡ ಇರುವ ರೈತರು ಇದನ್ನು ಓದುತ್ತಾರೆ ಎಂದುಕೊಂಡು ಬರೆಯುತ್ತಿದ್ದೇನೆ.

ಪತ್ತೆಗಿಂತ ಮೊದಲು ದನ

ಕಾರಣ ಹುಡುಕುವುದು ಆಮೇಲೆ. ಕೆನೆ ಕಂಡ ದಿನವೇ ಆ ದಂಡೆಗೆ ದನ, ಕುರಿ, ನಾಯಿ ಇಳಿಯದಂತೆ ಮುಳ್ಳುಕಂಟಿ ಹಚ್ಚಿ. ಕೆನೆ ಸೇರುವುದು ಗಾಳಿ ಬೀಸುವ ದಿಕ್ಕಿನ ಕೊನೆಯ ದಂಡೆಯಲ್ಲಿ. ಅಲ್ಲಿನ ಒಂದು ಗುಟುಕಿನಲ್ಲಿ ಇರುವ ವಿಷ, ಕೆರೆಯ ನಡುವಿನ ನೀರಿಗಿಂತ ನೂರಾರು ಪಟ್ಟು ಹೆಚ್ಚಿರಬಹುದು. ದನ ಇಳಿಯಲೇಬೇಕೆಂದರೆ ಎದುರು ದಂಡೆಯಲ್ಲಿ, ತಿಳಿನೀರು ಇರುವಲ್ಲಿ ಇಳಿಸಿ. ಅದೂ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ.

ಇಂಥ ನೀರನ್ನು ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಸರಿಹೋಗುವುದಿಲ್ಲ. ಮೈಕ್ರೊಸಿಸ್ಟಿನ್ ಎಂಬ ಮುಖ್ಯ ವಿಷ ಕುದಿಯುವ ನೀರಿನಲ್ಲೂ ಗಟ್ಟಿಯಾಗಿ ಉಳಿಯುತ್ತದೆ. ಜೀವಕೋಶ ಒಡೆದು ಒಳಗಿದ್ದ ವಿಷವೂ ನೀರಿಗೆ ಬರುತ್ತದೆ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಇದರ ಒಂದು ಬಗೆಯಾದ ಮೈಕ್ರೊಸಿಸ್ಟಿನ್-ಎಲ್‌ಆರ್ ಲೀಟರಿಗೆ 1 ಮೈಕ್ರೊಗ್ರಾಂ ಮೀರಬಾರದು ಎಂಬುದು ದೀರ್ಘಕಾಲದ ಬಳಕೆಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇದು ಕಣ್ಣಿಗೂ ಮೂಗಿಗೂ ನಾಲಿಗೆಗೂ ಗೊತ್ತಾಗುವ ಪ್ರಮಾಣವಲ್ಲ. ಮಣ್ಣುಮಣ್ಣಿನ ವಾಸನೆ ಬರುತ್ತದಲ್ಲ, ಅದು ವಿಷದ ವಾಸನೆಯಲ್ಲ, ಬೇರೆಯೇ ಒಂದು ವಸ್ತುವಿನದು. ವಾಸನೆ ಇಲ್ಲದ ನೀರಿನಲ್ಲೂ ವಿಷ ಇರಬಹುದು.

ದನ ಸತ್ತಿದ್ದರೆ ಒಂದು ಎಚ್ಚರಿಕೆ. ನಮ್ಮ ಕಡೆ ಎಳೆ ಜೋಳ ಅಥವಾ ಕುಳೆ ಜೋಳ ಮೇಯ್ದು ಸಾಯುವುದೂ ಉಂಟು. ಅದು ಸಯನೈಡಿನ ಕೆಲಸ. ಯೂರಿಯಾ ಕಲಸಿದ ನೀರು ಕುಡಿದು ಸಾಯುವುದೂ ಉಂಟು. ಪಾಚಿ ವಿಷದಲ್ಲಿ ಮುಖ್ಯವಾಗಿ ಎರಡು ಬಗೆ. ನರಕ್ಕೆ ಹತ್ತುವ ಅನಾಟಾಕ್ಸಿನ್ ಆದರೆ ಕೆಲವೇ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಕಾಲು ತಡವರಿಸಿ, ಸೆಟೆದು, ಉಸಿರು ನಿಲ್ಲುತ್ತದೆ. ಯಕೃತ್ತಿಗೆ ಹತ್ತುವ ಮೈಕ್ರೊಸಿಸ್ಟಿನ್ ಆದರೆ ಮೇವು ಬಿಟ್ಟು, ಭೇದಿಯಾಗಿ, ಗಂಟೆಗಳಿಂದ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಜೋಳದ ವಿಷವೂ ನರದ ವಿಷವೂ ಹೊರಗಿನಿಂದ ಒಂದೇ ತರಹ ಕಾಣುವುದರಿಂದ ಹಿಂದಿನ ದಿನ ದನ ಎಲ್ಲಿ ಮೇಯ್ದಿತ್ತು, ಎಲ್ಲಿ ನೀರು ಕುಡಿದಿತ್ತು ಎಂಬುದನ್ನು ಪಶುವೈದ್ಯರಿಗೆ ಮೊದಲೇ ಹೇಳಿ. ಮೂತಿಗೆ, ಕಾಲಿಗೆ ಹಸಿರು ಅಂಟಿದೆಯೇ ಎಂದೂ ನೋಡಿ.

ಮೀನು ಸತ್ತರೆ ಪಾಚಿಯ ವಿಷವನ್ನೇ ದೂರುವುದು ಬೇಡ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ದೊಡ್ಡವು ಮೊದಲು ಸತ್ತರೆ, ಅದು ಆಮ್ಲಜನಕದ ಬರ. ರಾತ್ರಿಯಿಡೀ ಅಷ್ಟೂ ಪಾಚಿ ಉಸಿರಾಡಿ ಆಮ್ಲಜನಕವನ್ನು ಮುಗಿಸಿರುತ್ತದೆ. ಮೋಡ ಕವಿದ ದಿನದ ಮರುದಿನ ಇದು ಹೆಚ್ಚು.

ಹಸಿರೆಲ್ಲ ಒಂದೇ ಅಲ್ಲ

ಕೆರೆ ಹಸಿರಾಗುವುದಕ್ಕೆ ಹತ್ತು ಕಾರಣಗಳಿವೆ, ಹೆಚ್ಚಿನವು ನಿರುಪದ್ರವಿ. ನಾವು ಹುಡುಕುತ್ತಿರುವುದು ನೀಲಿಹಸಿರು ಪಾಚಿ ಅಥವಾ ಸಯನೋಬ್ಯಾಕ್ಟೀರಿಯಾವನ್ನು. ಹೆಸರಿಗೆ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಇದನ್ನು ಗುರುತಿಸಲು ಮೂರು ಅಗ್ಗದ ಪರೀಕ್ಷೆಗಳಿವೆ. ಮಾಡುವಾಗ ಕೈಗೆ ರಬ್ಬರ್ ಗವಸು ಇರಲಿ.

ಒಂದು ಕೋಲನ್ನು ನೀರಿನಲ್ಲಿ ತಿರುವಿ ಎತ್ತಿ. ಕೂದಲಿನಂತೆ, ದಾರದಂತೆ ಜೋತುಬಿದ್ದರೆ ಅದು ಸಾಮಾನ್ಯ ಹಾವಸೆ. ಕೋಲಿಗೆ ಬಣ್ಣ ಬಳಿದಂತೆ ಅಂಟಿದರೆ ಸಂಶಯ ಪಡಬೇಕು. ಎರಡನೆಯದಕ್ಕೆ ಉಪ್ಪಿನಕಾಯಿಯ ಗಾಜಿನ ಬಾಟಲಿ ಸಾಕು. ಮುಕ್ಕಾಲು ಭಾಗ ಕೆರೆ ನೀರು ತುಂಬಿ, ಮುಚ್ಚಿ, ಅಲುಗಾಡಿಸದೆ ರಾತ್ರಿ ಇಡಿ. ಬೆಳಿಗ್ಗೆ ಹಸಿರು ತಳಕ್ಕೆ ಕುಳಿತಿದ್ದರೆ ಸಾಧಾರಣ ಪಾಚಿ, ಕುತ್ತಿಗೆಯ ಸುತ್ತ ಉಂಗುರದಂತೆ ತೇಲಿದ್ದರೆ ನೀಲಿಹಸಿರು. ನೆಲಕಡಲೆ ಹಿಟ್ಟಿನಂಥ ಸಣ್ಣ ಕಾಳುಕಾಳು ಕಂಡರೆ ಮೈಕ್ರೊಸಿಸ್ಟಿಸ್ ಎಂಬ ನೀಲಿಹಸಿರು ಪಾಚಿ ಇರುವ ಸಾಧ್ಯತೆ ಹೆಚ್ಚು.

ಮೂರನೆಯದು ನನಗೆ ಬಹಳ ಇಷ್ಟ. ಸ್ವಲ್ಪ ಕೆನೆಯನ್ನು ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನ ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ, ಆಮೇಲೆ ಹೊರಗಿಟ್ಟು ಕರಗಿಸಿ. ಡಬ್ಬಿಯ ಮೇಲೆ ದೊಡ್ಡದಾಗಿ ‘ವಿಷ’ ಎಂದು ಬರೆಯಿರಿ. ನಮ್ಮ ಮನೆಯಲ್ಲಿ ಇದಕ್ಕಾಗಿ ನಡೆದ ಜಗಳ ನಿಮ್ಮಲ್ಲಿ ನಡೆಯುವುದು ಬೇಡ. ಕರಗಿದ ನೀರು ಆಕಾಶನೀಲಿಯಾಗಿ ಬಿಟ್ಟುಕೊಂಡರೆ ಅದು ಫೈಕೊಸಯನಿನ್ ಎಂಬ ಬಣ್ಣ. ಸಾಮಾನ್ಯ ಹಸಿರು ಪಾಚಿಯಲ್ಲಿ ಅದಿಲ್ಲ. ದಂಡೆಯ ಕಲ್ಲಿನ ಮೇಲೆ ನಾನು ಕಂಡ ಮೈಲುತುತ್ತದ ಬಣ್ಣವೂ ಇದೇ. ಕೋಶಗಳು ಬಿಸಿಲಿಗೆ ಸತ್ತು ಒಡೆದು ನೀಲಿಯನ್ನು ಹೊರಹಾಕಿದ್ದವು.

ಈ ಮೂರೂ ‘ಯಾವ ಜೀವಿ’ ಎಂದು ಹೇಳುತ್ತವೆ, ‘ವಿಷ ಇದೆಯೇ’ ಎಂದು ಹೇಳುವುದಿಲ್ಲ. ಒಂದೇ ಮೈಕ್ರೊಸಿಸ್ಟಿಸ್‌ನಲ್ಲಿ ವಿಷ ತಯಾರಿಸುವ ತಳಿಯೂ ಇದೆ, ತಯಾರಿಸದ ತಳಿಯೂ ಇದೆ, ಸೂಕ್ಷ್ಮದರ್ಶಕದಲ್ಲಿ ಎರಡೂ ಅವಳಿಗಳು. ವಿಷವನ್ನು ಪ್ರಯೋಗಾಲಯದಲ್ಲಿಯೇ ಅಳೆಯಬೇಕು. ಅಲ್ಲಿಯವರೆಗೆ ಎಲ್ಲವನ್ನೂ ವಿಷವೆಂದೇ ನಡೆಸಿಕೊಳ್ಳಿ.

ಒಂದು ಚೀಲ ಡಿಎಪಿ

ಇನ್ನು ಕಾರಣ. ಬಿಸಿಲು, ನಿಂತ ನೀರು, 25 ಡಿಗ್ರಿ ದಾಟಿದ ನೀರಿನ ತಾಪ ಇವೆಲ್ಲ ನೀಲಿಹಸಿರು ಪಾಚಿಗೆ ಬೇಕು. ವಿಜಯಪುರದ ಬೇಸಿಗೆಯಲ್ಲಿ ಇವಕ್ಕೆ ಬರವೇನಿಲ್ಲ, ಇವನ್ನು ನಾವು ಬದಲಾಯಿಸಲೂ ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ಅದರ ಊಟ: ರಂಜಕ ಮತ್ತು ಸಾರಜನಕ.

ರೈತರಿಗೆ ನಾನು ಈ ಲೆಕ್ಕ ಹಾಕಿ ತೋರಿಸುತ್ತೇನೆ. 50 ಕಿಲೋ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ಚೀಲದ ಮೇಲೆ 18-46 ಎಂದಿರುತ್ತದೆ. ಆ 46 ರಂಜಕದ ಆಕ್ಸೈಡ್ ಲೆಕ್ಕ. ಶುದ್ಧ ರಂಜಕವಾಗಿ ಎಣಿಸಿದರೆ ಚೀಲದಲ್ಲಿ ಸುಮಾರು 10 ಕಿಲೋ. 25 ಎಕರೆಯ ಕೆರೆಯಲ್ಲಿ ಸರಾಸರಿ ಒಂದು ಮೀಟರ್ ನೀರು ಇದ್ದರೆ ಅದು ಸುಮಾರು 10 ಕೋಟಿ ಲೀಟರ್. ಆ 10 ಕಿಲೋ ರಂಜಕವನ್ನು ಇದಕ್ಕೆ ಹಂಚಿದರೆ ಲೀಟರಿಗೆ 100 ಮೈಕ್ರೊಗ್ರಾಂ ಬೀಳುತ್ತದೆ. ಒಟ್ಟು ರಂಜಕ ಲೀಟರಿಗೆ 35 ಮೈಕ್ರೊಗ್ರಾಂ ದಾಟಿದರೆ ಕೆರೆಗೆ ಪೋಷಕಾಂಶ ಹೆಚ್ಚಾಗಿದೆ ಎನ್ನುತ್ತಾರೆ. 100 ದಾಟಿದರೆ ವಿಪರೀತವಾಗಿದೆ ಎನ್ನುತ್ತಾರೆ. 30ಕ್ಕಿಂತ ಕೆಳಗಿರುವ ಕೆರೆಯಲ್ಲಿ ನೀಲಿಹಸಿರು ಪಾಚಿ ಮೇಲುಗೈ ಸಾಧಿಸುವುದು ಅಪರೂಪ, 100ರ ಆಸುಪಾಸಿನಲ್ಲಿ ಅದೇ ಯಜಮಾನ. ಅಂದರೆ ಒಂದೇ ಒಂದು ಚೀಲ, ಪೂರ್ತಿ ನೀರಿಗೆ ಬಿದ್ದರೆ, ಒಳ್ಳೆಯ ಕೆರೆಯನ್ನು ಕೆಡಿಸಲು ಸಾಕು.

ಪೂರ್ತಿ ನೀರಿಗೆ ಬೀಳುವುದಿಲ್ಲ ಎಂಬುದು ನಮ್ಮ ಪುಣ್ಯ. ರಂಜಕ ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಯೂರಿಯಾದಂತೆ ಸುಲಭವಾಗಿ ತೊಳೆದು ಹೋಗುವುದಿಲ್ಲ. ಆದರೆ ಮಣ್ಣೇ ಕೊಚ್ಚಿಕೊಂಡು ಬಂದರೆ? ಮುಂಗಾರಿನ ಮೊದಲ ದೊಡ್ಡ ಮಳೆಗೆ ಎರೆಹೊಲದಿಂದ ಹಳ್ಳಕ್ಕೆ ಇಳಿಯುವ ಆ ಕೆಂಪುಗಪ್ಪು ನೀರೇ ರಂಜಕದ ಸಾಗಾಟದ ಲಾರಿ. ಆದಿಲ್‌ಶಾಹಿಗಳ ಕಾಲದವರು ಬೇಗಂ ತಾಲಾಬಿನಿಂದ ವಿಜಯಪುರಕ್ಕೆ ನೀರು ತರುವಾಗ ದಾರಿಯಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯ ಒತ್ತಡ ಇಳಿಯುವುದೂ ಹೂಳು ಕೆಳಗೆ ಕೂರುವುದೂ ಅಲ್ಲಿ ಆಗುತ್ತಿತ್ತು. ರಂಜಕದ ಹೆಸರು ಅವರಿಗೆ ಗೊತ್ತಿರಲಿಲ್ಲ, ಹೂಳನ್ನು ನೀರಿನಿಂದ ಬೇರೆ ಮಾಡಬೇಕು ಎಂಬುದು ಗೊತ್ತಿತ್ತು. ನಾವು ಅದನ್ನೇ ಮರೆತಿದ್ದೇವೆ.

ನಾನು ಮಾಡಿದ ತಪ್ಪು

ಆ ದಿನ ಕೆರೆಯ ನೀರನ್ನು ಸೋಸಿ, ಪೆಟ್ಟಿಗೆಯಲ್ಲಿದ್ದ ದ್ರಾವಣ ಹಾಕಿ ಫಾಸ್ಫೇಟ್, ಅಂದರೆ ನೀರಿನಲ್ಲಿ ಕರಗಿದ ರಂಜಕ, ಎಷ್ಟಿದೆ ಎಂದು ನೋಡಿದೆ. ನೀಲಿ ಬಣ್ಣ ಬರಬೇಕಿತ್ತು. ಬರಲಿಲ್ಲ. ಹೆಚ್ಚುಕಡಿಮೆ ಸೊನ್ನೆ. “ಪೋಷಕಾಂಶದ ದೋಷ ಅಲ್ಲ, ಬಿಸಿಲಿನದು, ಮಳೆ ಬಂದರೆ ಹೋಗುತ್ತದೆ” ಎಂದು ಹೇಳಿ, ಅವರ ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಬಂದೆ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ಈ ಮಾತು ಹೇಳಬಾರದಿತ್ತು.

ಊಟ ಮುಗಿದ ಮೇಲೆ ತಟ್ಟೆ ಖಾಲಿ ಇದೆ ಎಂದು ನೋಡಿ ಮನೆಯಲ್ಲಿ ಅಡುಗೆಯೇ ಆಗಿಲ್ಲ ಎಂದಂತೆ ಆಯಿತು ಅದು. ಪಾಚಿ ಅಷ್ಟು ಬೆಳೆದಿದೆ ಎಂದರೆ ನೀರಿನಲ್ಲಿ ಕರಗಿದ್ದ ಫಾಸ್ಫೇಟನ್ನೆಲ್ಲ ತಿಂದು ಮುಗಿಸಿದೆ ಎಂದೇ ಅರ್ಥ. ಅದೂ ಆ ಹೊತ್ತಿಗೆ ಬೇಕಾದಷ್ಟೇ ತಿನ್ನುವುದಿಲ್ಲ. ಸಿಕ್ಕಾಗ ಹೆಚ್ಚಾಗಿ ನುಂಗಿ, ಕಾಳಿನಂತೆ ಒಳಗೆ ಕೂಡಿಟ್ಟುಕೊಂಡು, ಇಲ್ಲದಾಗ ಅದನ್ನೇ ಖರ್ಚು ಮಾಡಿ ಮತ್ತೂ ಒಂದೆರಡು ತಲೆಮಾರು ಬೆಳೆಯುತ್ತದೆ. ಆದ್ದರಿಂದ ಸೋಸಿದ ನೀರಿನ ಫಾಸ್ಫೇಟ್ ನೋಡಿ ತೀರ್ಮಾನ ಹೇಳಬೇಡಿ. ಸೋಸದ ನೀರನ್ನು, ಪಾಚಿ ಸಮೇತ, ಆಮ್ಲ ಮತ್ತು ಪರ್ಸಲ್ಫೇಟ್ ಹಾಕಿ ಬೇಯಿಸಿ ‘ಒಟ್ಟು ರಂಜಕ’ ಅಳೆಯಬೇಕು. ಪ್ರಯೋಗಾಲಯಕ್ಕೆ ಕಳಿಸುವಾಗ ಚೀಟಿಯ ಮೇಲೆ ‘ಒಟ್ಟು ರಂಜಕ, ಒಟ್ಟು ಸಾರಜನಕ’ ಎಂದು ಸ್ಪಷ್ಟವಾಗಿ ಬರೆಯಿರಿ. ಬರೀ ‘ಫಾಸ್ಫೇಟ್, ನೈಟ್ರೇಟ್’ ಎಂದರೆ ಅವರು ನೀವು ಕೇಳಿದ್ದನ್ನೇ ಕೊಡುತ್ತಾರೆ. ಬಾಟಲಿಯನ್ನು ಸೋಪಿನ ಪುಡಿಯಿಂದ ತೊಳೆಯಬೇಡಿ, ಪುಡಿಯಲ್ಲೇ ಫಾಸ್ಫೇಟ್ ಇದ್ದರೆ ಕೆರೆಗೆ ಬದಲು ನಿಮ್ಮ ಬಚ್ಚಲನ್ನು ಅಳೆದಂತಾಗುತ್ತದೆ. ಕೆನೆಯನ್ನೇ ತುಂಬಿ ಕಳಿಸಿದರೂ ಲೆಕ್ಕ ತಪ್ಪುತ್ತದೆ. ವಿಷ ಅಳೆಯಲು ಕೆನೆ ಬೇಕು. ಪೋಷಕಾಂಶ ಅಳೆಯಲು ಕೆರೆಯ ನಡುವಿನಿಂದ, ಮೇಲಿನದೂ ಕೆಳಗಿನದೂ ಸೇರಿಸಿದ ನೀರು ಬೇಕು.

ಎರಡನೆಯ ಬಾರಿ ಹೀಗೆ ಮಾಡಿದಾಗ ಒಟ್ಟು ರಂಜಕ 100ರ ಗೆರೆಯನ್ನು ಎಷ್ಟೋ ದಾಟಿತ್ತು. ಹುಡುಗನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. “ಇರಲಿ ಬಿಡಿ ಸರ್, ಮಳೆ ಬಂದರೂ ಹೋಗಲಿಲ್ಲ ಎಂದು ಆಮೇಲೆ ಬಯ್ಯುವುದು ತಪ್ಪಿತು” ಎಂದ.

ಸಾರಜನಕ ಏನು ಮಾಡುತ್ತದೆ

ಇಲ್ಲಿ ವಿಜ್ಞಾನಿಗಳಲ್ಲೇ ಹಳೆಯ ಜಗಳವಿದೆ. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ 226ನೇ ಸಂಖ್ಯೆಯ ಸರೋವರದ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು, ರಂಜಕವನ್ನು ಒಂದಕ್ಕೆ ಮಾತ್ರ. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು. ಅಲ್ಲೇ 227ನೇ ಸರೋವರಕ್ಕೆ 1969ರಿಂದ ಗೊಬ್ಬರ ಹಾಕುತ್ತ ಬಂದು, 1990ರಿಂದ ಸಾರಜನಕವನ್ನು ಪೂರ್ತಿ ನಿಲ್ಲಿಸಿದರೂ ಹಸಿರು ನಿಲ್ಲಲಿಲ್ಲ. ಅನಾಬೀನದ ಹಾಗೆ ಗಾಳಿಯ ಸಾರಜನಕವನ್ನೇ ಹಿಡಿದುಕೊಳ್ಳಬಲ್ಲ ನೀಲಿಹಸಿರು ಪಾಚಿಗಳು ಆ ಜಾಗವನ್ನು ತುಂಬಿದವು. ನಮ್ಮ ಶೇಂಗಾ ಗಿಡದ ಬೇರಿನ ಗಂಟು ಮಾಡುವ ಕೆಲಸವನ್ನೇ ಅವು ನೀರಿನಲ್ಲಿ ಮಾಡುತ್ತವೆ. ಇದನ್ನು ನೋಡಿ, ರಂಜಕವೊಂದನ್ನು ಹಿಡಿದರೆ ಸಾಕು ಎಂದರು ಒಂದು ಪಂಗಡದವರು.

ಇನ್ನೊಂದು ಪಂಗಡದ ಮಾತೂ ಸುಳ್ಳಲ್ಲ. ಮೈಕ್ರೊಸಿಸ್ಟಿಸ್‌ಗೆ ಗಾಳಿಯಿಂದ ಸಾರಜನಕ ಹಿಡಿಯಲು ಬರುವುದಿಲ್ಲ, ನೀರಿನಲ್ಲಿಯೇ ಸಿಗಬೇಕು. ಅದು ತಯಾರಿಸುವ ವಿಷದ ಒಂದೊಂದು ಅಣುವಿಗೂ ಹತ್ತರ ಆಸುಪಾಸು ಸಾರಜನಕ ಪರಮಾಣು ಬೇಕು. ಸಾರಜನಕ ಧಾರಾಳವಾಗಿದ್ದಾಗ ಮೈಕ್ರೊಸಿಸ್ಟಿನ್ ಹೆಚ್ಚುವುದು ಅನೇಕ ಕಡೆ ಕಂಡಿದೆ. ಸಾರಜನಕದ ರೂಪವೂ ಮುಖ್ಯ. ಯೂರಿಯಾ, ಅಮೋನಿಯಾ ಇದಕ್ಕೆ ಬೇಯಿಸಿದ ಅನ್ನ. ನೈಟ್ರೇಟ್ ಅಕ್ಕಿಯಿದ್ದಂತೆ, ಬೇಯಿಸಿಕೊಳ್ಳಲು ಶಕ್ತಿ ಖರ್ಚಾಗುತ್ತದೆ.

ದೋಷ ಪತ್ತೆಗೆ ನಾನು ಇದನ್ನು ಹೀಗೆ ಬಳಸುತ್ತೇನೆ. ಒಟ್ಟು ರಂಜಕ ಹೆಚ್ಚಿದ್ದು ಸಾರಜನಕ ಕಡಿಮೆ ಇದ್ದರೆ ಅನಾಬೀನದ ಬಳಗವನ್ನು ನಿರೀಕ್ಷಿಸುತ್ತೇನೆ, ಕುರಿಗಾಹಿಗಳಿಗೆ ಮೊದಲು ಹೇಳುತ್ತೇನೆ, ಏಕೆಂದರೆ ನರವಿಷ ಬರುವುದು ಹೆಚ್ಚಾಗಿ ಆ ಕಡೆಯಿಂದ. ಎರಡೂ ಹೆಚ್ಚಿದ್ದರೆ ಮೈಕ್ರೊಸಿಸ್ಟಿಸ್, ಯಕೃತ್ತಿನ ವಿಷ, ಕುಡಿಯುವ ನೀರಿನ ಚಿಂತೆ. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ, ಮೊದಲು ಯಾವ ಬಾಗಿಲು ತಟ್ಟಬೇಕೆಂಬ ಸೂಚನೆ ಅಷ್ಟೆ. ರಂಜಕ ಕಡಿಮೆಯಿದ್ದೂ ಕೆರೆ ಹಸಿರಾಗಿದ್ದರೆ ಬಹುಶಃ ಬಾಟಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು, ನೀವು ಹಿಡಿದಿರುವುದು ಬೇರೆ ಪಾಚಿಯನ್ನು.

ಬಂದದ್ದು ಎಲ್ಲಿಂದ

ಊರಿನಲ್ಲಿ ಎರಡು ವಾದಗಳಿದ್ದವು. ಮೇಲಿನ ಓಣಿಯವರು ದ್ರಾಕ್ಷಿ ತೋಟಗಳನ್ನು ದೂರುತ್ತಿದ್ದರು, ತೋಟದವರು ಪೈಪಿನಲ್ಲಿ ಬರುವ ಹೊಳೆಯ ನೀರನ್ನು. ಗಟಾರದ ಹೆಸರನ್ನು ಯಾರೂ ಎತ್ತಲಿಲ್ಲ, ಅದು ಎಲ್ಲರದೂ ಆಗಿತ್ತಲ್ಲ.

ಕೆರೆಗೆ ನೀರು ಬರುವ ಪ್ರತಿಯೊಂದು ಬಾಯಿಯಲ್ಲೂ ಬೇರೆ ಬೇರೆ ಬಾಟಲಿ ತುಂಬಬೇಕು, ಹರಿವನ್ನೂ ಅಳೆಯಬೇಕು. ನೀರಿನಲ್ಲಿ ರಂಜಕ ಎಷ್ಟು ಗಟ್ಟಿಯಾಗಿದೆ ಎಂಬುದರ ಜೊತೆಗೆ ಎಷ್ಟು ನೀರು ಬರುತ್ತಿದೆ ಎಂಬುದೂ ಬೇಕು. ಗಟಾರದ ಬಾಯಿಯಲ್ಲಿ 15 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿದೆವು. ಹತ್ತು ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ ಒಂದೂವರೆ ಲೀಟರ್, ದಿನವಿಡೀ ಹಾಗೇ ಹರಿದರೆ ಸುಮಾರು 1,30,000 ಲೀಟರ್. ಮನೆಗಳ ಕೊಳಚೆಯಲ್ಲಿ ಲೀಟರಿಗೆ 5 ಮಿಲಿಗ್ರಾಂ ರಂಜಕ ಇರುವುದು ಸಾಮಾನ್ಯ, ಒಬ್ಬ ಮನುಷ್ಯನ ದೇಹದಿಂದಲೇ ದಿನಕ್ಕೆ ಒಂದು ಗ್ರಾಮಿನ ಆಸುಪಾಸು ಹೊರಬೀಳುತ್ತದೆ. ಗುಣಿಸಿದರೆ ದಿನಕ್ಕೆ ಸುಮಾರು 650 ಗ್ರಾಂ. ಹದಿನೈದು ಹದಿನಾರು ದಿನಕ್ಕೊಮ್ಮೆ ಯಾರೋ ಒಂದು ಚೀಲ ಡಿಎಪಿಯನ್ನು ಹೊತ್ತು ತಂದು ಕೆರೆಗೆ ಸುರಿದಂತೆ. ಅದೂ ಮಣ್ಣಿಗೆ ಅಂಟಿದ್ದಲ್ಲ, ಪಾಚಿ ತಕ್ಷಣ ಕುಡಿಯಬಹುದಾದದ್ದು. ರಾತ್ರಿ ಹರಿವು ಇಳಿಯುತ್ತದೆ, ಹಾಗಾಗಿ ಮೂರು ಹೊತ್ತು ಅಳೆದು ಸರಾಸರಿ ತೆಗೆಯುವುದು ಸರಿ. ಅರ್ಧಕ್ಕೆ ಇಳಿಸಿದರೂ ತಿಂಗಳಿಗೆ ಒಂದು ಚೀಲ.

ಕಾಲವನ್ನೂ ಗಮನಿಸಿ. ಮುಂಗಾರಿನ ಮೊದಲ ಮಳೆಯಾಗಿ ಎರಡು ಮೂರು ವಾರಕ್ಕೆ ಹಸಿರಾದರೆ ಹೊಲದ ಮಣ್ಣು. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸ) ನಂತರ ದ್ರಾಕ್ಷಿಗೆ ಗೊಬ್ಬರ ಬಿದ್ದು, ಹಿಂಗಾರಿನ ಮಳೆ ಜೋರಾಗಿ, ಆಮೇಲೆ ಹಸಿರಾದರೆ ತೋಟ. ಮಳೆಯೇ ಇಲ್ಲದ ಫೆಬ್ರುವರಿ, ಮಾರ್ಚ್‌ನಲ್ಲಿ ಹಸಿರಾದರೆ ಹೊಲವನ್ನೂ ತೋಟವನ್ನೂ ಬಿಟ್ಟು ಗಟಾರವನ್ನು ನೋಡಿ, ಆಮೇಲೆ ಕೆರೆಯ ತಳವನ್ನು.

ತಳದ ವಿಷಯವನ್ನು ನನಗೆ ಹೇಳಿದವರು ಕುರಿ ಕಾಯುವ ಹಿರಿಯರೊಬ್ಬರು. ದಂಡೆಯ ಮೇಲೆ ಕುಳಿತು ನಮ್ಮ ಬಕೆಟ್ ಆಟವನ್ನು ನೋಡುತ್ತಿದ್ದರು.

“ಕಾಕಾ, ಮೊದಲು ಈ ಕೆರೆ ಹೀಗೆ ಆಗುತ್ತಿತ್ತೇ?” ಎಂದು ಕೇಳಿದೆ.

“ಆಗಲು ಬೇಸಿಗೆಯಲ್ಲಿ ನೀರು ಎಲ್ಲಿ ಇರುತ್ತಿತ್ತು ಮಾಸ್ತರರೇ? ಯುಗಾದಿಗೆ ತಳ ಬಿರುಕು ಬಿಡುತ್ತಿತ್ತು. ಚಕ್ಕಡಿ ಕಟ್ಟಿಕೊಂಡು ಬಂದು ಕೆರೆಮಣ್ಣು ಹೊಲಕ್ಕೆ ಒಯ್ಯುತ್ತಿದ್ದೆವು. ಈಗ ಹೊಳೆಯ ನೀರು ಬಂದಿದೆ, ವರ್ಷವೆಲ್ಲ ತುಂಬಿರುತ್ತದೆ. ಮಣ್ಣು ಯಾರು ಎತ್ತುತ್ತಾರೆ?”

ನನ್ನ ಪೆಟ್ಟಿಗೆ ಹೇಳದೇ ಇದ್ದದ್ದನ್ನು ಅವರು ಹೇಳಿಬಿಟ್ಟರು. ಕೃಷ್ಣೆಯ ನೀರನ್ನು ಪೈಪಿನಲ್ಲಿ ತಂದು ಕೆರೆ ತುಂಬಿಸುವುದು ಈ ಬರಗಾಲದ ನಾಡಿಗೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಬತ್ತಿದ್ದ ಬಾವಿಗಳಿಗೆ ನೀರು ಬಂದಿದೆ. ಆದರೆ ಮೊದಲು ವರ್ಷಕ್ಕೊಮ್ಮೆ ಕೆರೆಯ ಲೆಕ್ಕ ಚುಕ್ತಾ ಆಗುತ್ತಿತ್ತು: ಹೂಳಿನ ಜೊತೆ ಬಂದ ರಂಜಕ ಹೂಳಿನ ಜೊತೆಯೇ ಹೊಲಕ್ಕೆ ಮರಳುತ್ತಿತ್ತು. ಈಗ ಕೋಡಿ ಬೀಳುವಷ್ಟು ನೀರು ಬರುವುದಿಲ್ಲ, ತಳ ಒಣಗುವುದೂ ಇಲ್ಲ. ನೀರು ಆವಿಯಾಗಿ ಹೋಗುತ್ತದೆ, ಬಂದ ರಂಜಕ ಅಲ್ಲೇ ಉಳಿಯುತ್ತದೆ.

ಉಳಿದದ್ದು ಸುಮ್ಮನೆಯೂ ಇರುವುದಿಲ್ಲ. ಆಮ್ಲಜನಕ ಇರುವವರೆಗೆ ಹೂಳಿನ ಕಬ್ಬಿಣ ರಂಜಕವನ್ನು ಹಿಡಿದುಕೊಂಡಿರುತ್ತದೆ. ಬೇಸಿಗೆಯಲ್ಲಿ ಮೇಲಿನ ನೀರು ಕಾದು ಹಗುರಾಗಿ, ಕೆಳಗಿನದರ ಜೊತೆ ಕಲೆಯುವುದು ನಿಂತು, ಸತ್ತ ಪಾಚಿ ಕೊಳೆತು ತಳದ ಆಮ್ಲಜನಕ ಮುಗಿದಾಗ ಆ ಹಿಡಿತ ಬಿಡುತ್ತದೆ. ರಂಜಕ ನೀರಿಗೆ ಇಳಿಯುತ್ತದೆ. ಆಳವಿಲ್ಲದ ಕೆರೆಯಲ್ಲಿ ಇನ್ನೊಂದು ದಾರಿಯೂ ಇದೆ: ಪಾಚಿ ಬೆಳೆದಷ್ಟೂ ನೀರಿನ ಕ್ಷಾರ ಹೆಚ್ಚಿ ಪಿಎಚ್ 9 ದಾಟುತ್ತದೆ, ಅಷ್ಟು ಕ್ಷಾರದಲ್ಲೂ ಹೂಳು ರಂಜಕವನ್ನು ಬಿಟ್ಟುಕೊಡುತ್ತದೆ. ಪಾಚಿ ತನ್ನ ಊಟದ ಉಗ್ರಾಣದ ಬೀಗವನ್ನು ತಾನೇ ತೆಗೆಯುತ್ತದೆ. ಇದನ್ನು ಪತ್ತೆ ಮಾಡಲು ಒಂದು ಬಾಟಲಿಗೆ ಕಲ್ಲು ಕಟ್ಟಿ, ಬೂಚಿಗೆ ದಾರ ಕಟ್ಟಿ ತಳದ ಹತ್ತಿರ ಇಳಿಸಿ ಎಳೆದು ತುಂಬಿಸಿ. ತಳದ ನೀರನ್ನು ಸೋಸಿ ನೋಡಿದಾಗ ಫಾಸ್ಫೇಟ್ ಮೇಲಿನದಕ್ಕಿಂತ ಬಹಳ ಹೆಚ್ಚಿದ್ದರೆ, ಕೊಳೆತ ಮೊಟ್ಟೆಯ ವಾಸನೆಯೂ ಬಂದರೆ, ದೋಷ ಕೆರೆಯ ಒಳಗೇ ಇದೆ. ನಮ್ಮ ಬಾಟಲಿ ಗಾಢ ನೀಲಿಯಾಯಿತು, ವಾಸನೆಯೂ ಬಂತು.

ಮೈಲುತುತ್ತ ಹಾಕಬಹುದೇ?

ದ್ರಾಕ್ಷಿ ನಾಡಿನಲ್ಲಿ ಮೊದಲು ಬರುವ ಪ್ರಶ್ನೆ ಇದು, ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಪಾಚಿ ಸಾಯುವುದು ನಿಜ, ಎರಡು ದಿನಕ್ಕೆ ನೀರು ತಿಳಿಯಾಗಿ ಕಾಣುವುದೂ ನಿಜ. ಅಪಾಯ ಇರುವುದೇ ಅಲ್ಲಿ. ಬದುಕಿರುವ ಕೋಶ ವಿಷದ ಹೆಚ್ಚಿನ ಪಾಲನ್ನು ಒಳಗೆ ಇಟ್ಟುಕೊಂಡಿರುತ್ತದೆ, ಸತ್ತ ಕೂಡಲೇ ಅದು ನೀರಿಗೆ ಸೇರುತ್ತದೆ. 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟಿಗೆ ಪಾಚಿ ಬಂತೆಂದು ಮೈಲುತುತ್ತ ಹಾಕಿದರು. ದಿನಗಳೊಳಗೆ 148 ಜನ ಯಕೃತ್ತು, ಮೂತ್ರಪಿಂಡದ ತೊಂದರೆಯಿಂದ ಬಳಲಿದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಇದಲ್ಲದೆ ತಾಮ್ರ ಹೂಳಿನಲ್ಲಿ ಉಳಿಯುತ್ತದೆ, ರಂಜಕವೂ ಎಲ್ಲಿಗೂ ಹೋಗುವುದಿಲ್ಲ. ಸತ್ತ ಪಾಚಿಯಿಂದ ಬಿಡುಗಡೆಯಾದದ್ದನ್ನು ತಿಂದು ಹೊಸದು ಹುಟ್ಟುತ್ತದೆ.

ಕುಡಿಯುವ ನೀರಿನ ತೊಟ್ಟಿ ನೋಡಿಕೊಳ್ಳುವ ನೀರುಗಂಟಿಗಳಿಗೂ ಇದೇ ತರ್ಕ. ಹಸಿರು ನೀರಿಗೆ ಮೊದಲೇ ಬ್ಲೀಚಿಂಗ್ ಪುಡಿ ಹಾಕಬೇಡಿ. ಪಟಿಕದಿಂದ ಪಾಚಿಯನ್ನು ಇಡಿಯಾಗಿ ಕೆಳಗೆ ಕೂರಿಸಿ, ಸೋಸಿ, ಆಮೇಲೆ ಕ್ಲೋರಿನ್. ಪಿಎಚ್ 8ಕ್ಕಿಂತ ಕೆಳಗಿದ್ದು, ಅರ್ಧ ಗಂಟೆಯ ನಂತರವೂ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಅದು ಮೈಕ್ರೊಸಿಸ್ಟಿನ್ನನ್ನೂ ಒಡೆಯುತ್ತದೆ. ಸಾಧ್ಯವಿದ್ದರೆ ಬೇಸಿಗೆ ಮುಗಿಯುವವರೆಗೆ ಬೇರೆ ಮೂಲದ ನೀರು ಬಳಸಿ.

ಅಂಗಡಿಯಲ್ಲಿ ಸಿಗುವ ‘ಕೆರೆ ಶುದ್ಧಿ’ ಪುಡಿಗಳ ಬಗ್ಗೆ ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ. ಗಟಾರ ಹರಿಯುತ್ತಿರುವಾಗ ಯಾವ ಪುಡಿಯೂ ಕೆಲಸ ಮಾಡುವುದಿಲ್ಲ. ಹನಿ ನೀರಾವರಿಯವರು ಫಿಲ್ಟರ್ ಕಟ್ಟಿಕೊಳ್ಳುತ್ತಿದೆ ಎಂದರೆ ಪಂಪಿನ ಹೀರುಬಾಯನ್ನು ಮೇಲ್ಪದರದಿಂದ ಮೂರು ನಾಲ್ಕು ಅಡಿ ಕೆಳಗಿಳಿಸಿ, ಮಧ್ಯಾಹ್ನದ ಬದಲು ಬೆಳಿಗ್ಗೆ, ಪಾಚಿ ಮೇಲೆ ತೇಲಿರುವಾಗ ಹೊಡೆಯಿರಿ. ಕೆನೆ ಇರುವ ನೀರನ್ನು ಕೊತ್ತಂಬರಿ, ಮೆಂತ್ಯೆ, ಪಾಲಕ್‌ ಮೇಲೆ ಸಿಂಪಡಿಸಬೇಡಿ.

ತಿಕೋಟಾ ಕಡೆಯ ಆ ಊರಿನಲ್ಲಿ ಮೊದಲು ಗಟಾರವನ್ನು ತಿರುಗಿಸಿದರು. ಕೆರೆಯ ಮೇಲ್ಭಾಗದ, ಊರಿಗೆ ಸೇರಿದ ಗಾಂವಠಾಣ ಜಾಗದಲ್ಲಿ ಎರಡು ಹೊಂಡ ತೆಗೆದು, ಒಂದರಲ್ಲಿ ಕೆಸರು ಕೂತು, ಇನ್ನೊಂದರಲ್ಲಿ ಆಪು ಹುಲ್ಲು ಬೆಳೆದು, ಉಳಿದ ನೀರು ಮೇವಿನ ಹೊಲಕ್ಕೆ ಹೋಗುವಂತೆ ಮಾಡಿದರು. ಮರುವರ್ಷ ಮಾರ್ಚ್‌ನಲ್ಲಿ ಕೆರೆ ಮತ್ತೆ ಹಸಿರಾಯಿತು. ಗಟಾರದ ಕೆಲಸ ವ್ಯರ್ಥ ಎಂದು ಗದ್ದಲವಾಯಿತು, ನನ್ನ ಮೇಲೂ ಎರಡು ಮಾತು ಬಂದವು. ಹೊರಗಿನದು ನಿಂತರೂ ಹೂಳಿನಲ್ಲಿರುವುದು ವರ್ಷಗಟ್ಟಲೆ ಬಿಡುತ್ತಲೇ ಇರುತ್ತದೆ ಎಂದು ನಾನು ಮೊದಲೇ ಬರೆದುಕೊಟ್ಟಿದ್ದ ಕಾಗದ ಆಗ ಉಪಯೋಗಕ್ಕೆ ಬಂತು. ಅದರ ಮುಂದಿನ ಬೇಸಿಗೆಯಲ್ಲಿ ಪೈಪಿನ ನೀರನ್ನು ಬೇಕೆಂದೇ ತಡವಾಗಿ ಬಿಡಿಸಿಕೊಂಡು, ತೂಬಿನ ಕಡೆಯ ಅರ್ಧ ಕೆರೆಯನ್ನು ಒಣಗಿಸಿ ಹೂಳು ತೆಗೆದರು. ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ನನ್ನ ವಿದ್ಯಾರ್ಥಿ ಹನ್ನೆರಡು ಟ್ರಿಪ್ ತನ್ನ ತೋಟಕ್ಕೆ ಹಾಕಿಸಿಕೊಂಡು ಆ ವರ್ಷ ಡಿಎಪಿ ಕಡಿಮೆ ಮಾಡಿದ.

ಇನ್ನರ್ಧ ಹೂಳು ಹಾಗೇ ಇದೆ. ಬಿಳಿ ಬಣ್ಣ ಬಳಿದ ಊಟದ ತಟ್ಟೆಯೊಂದಕ್ಕೆ ಹಗ್ಗ ಕಟ್ಟಿ ಕಾಕಾ ಅವರ ಕೈಗೆ ಕೊಟ್ಟಿದ್ದೇನೆ. ಪ್ರತಿ ಸೋಮವಾರ ಅದನ್ನು ನೀರಿಗಿಳಿಸಿ, ಕಣ್ಣಿಗೆ ಮರೆಯಾದಾಗ ಹಗ್ಗ ಎಷ್ಟು ಮೊಳ ಒದ್ದೆಯಾಗಿದೆ ಎಂದು ಫೋನಿನಲ್ಲಿ ಹೇಳುತ್ತಾರೆ. ಮೊದಲ ವರ್ಷ ಅರ್ಧ ಮೊಳವೂ ಇರಲಿಲ್ಲ. ಕಳೆದ ಸೋಮವಾರ ಎರಡು ಮೊಳ ಎಂದರು.